ಆನೆ, ಎರಡಕ್ಷರ

ಮೊದಲು ಒಂದು ಸುಳಿವು ಬಿಡಿಸಿ, ಮಾತು ಆಮೇಲೆ.

ದುಬೈಯಿಂದ ಹಿಂದಿರುಗಿ ಗದರಿಸಿ (2)

ಆವರಣದೊಳಗಿನ ಸಂಖ್ಯೆ ಉತ್ತರದಲ್ಲಿ ಎಷ್ಟು ಅಕ್ಷರ ಅಂತ ಹೇಳುತ್ತದೆ, ಅಷ್ಟೆ. ಇದನ್ನು ಓದದೆ ಕೇಳುತ್ತಿರುವವರು ಇಲ್ಲಿ ಒಂದು ನಿಮಿಷ ನಿಲ್ಲಿಸಿ. ಕಾರು ಓಡಿಸುತ್ತಾ ಕೇಳುತ್ತಿದ್ದರೆ ಮಾತ್ರ ಬೇಡ. ಶೇಖ್ ಜಾಯೆದ್ ರಸ್ತೆಯಲ್ಲಿ ಯಾರೂ ಪದ ಹುಡುಕಬಾರದು.

ಸಿಕ್ಕಿತಾ? ಓದಿದ ತಕ್ಷಣ ಕಣ್ಣ ಮುಂದೆ ಒಬ್ಬ ಮನುಷ್ಯ ಬರುತ್ತಾನೆ: ರಜೆಗೆ ಊರಿಗೆ ಹೋಗಿದ್ದಾನೆ, ಸೂಟ್‌ಕೇಸ್ ಇಳಿಸುವ ಮೊದಲೇ ಮನೆಯವರ ಮೇಲೆ ರೇಗುತ್ತಿದ್ದಾನೆ. ಆ ಮನುಷ್ಯನನ್ನು ಮರೆತುಬಿಡಿ, ಅವನು ಸುಳ್ಳು. ‘ದುಬೈ’ ಅನ್ನುವುದನ್ನು ಎರಡು ಅಕ್ಷರಗಳಾಗಿ ನೋಡಿ: ದು, ಬೈ. ಹಿಂದಿರುಗಿಸಿ: ಬೈ, ದು. ಬೈದು! ಅಂದರೆ ಗದರಿಸಿ. ಸುಳಿವು ತನ್ನ ಕೆಲಸವನ್ನೆಲ್ಲ ನಿಮ್ಮ ಎದುರಿಗೇ ಹೇಳಿತ್ತು. ನೀವು ಕತೆ ಓದಿದಿರಿ, ಅದು ಸೂಚನೆ ಕೊಡುತ್ತಿತ್ತು.

ಇದಕ್ಕೆ ಕ್ರಿಪ್ಟಿಕ್ ಪದಬಂಧ ಅಂತಾರೆ. ಗೂಢ ಪದಬಂಧ ಅಂತಲೂ ಕರೆಯಬಹುದು. ಸುಳಿವಿನಲ್ಲಿ ಎರಡು ಭಾಗ. ಒಂದು, ಉತ್ತರದ ನೇರ ಅರ್ಥ. ಇನ್ನೊಂದು, ಉತ್ತರವನ್ನು ಅಕ್ಷರ ಅಕ್ಷರವಾಗಿ ಕಟ್ಟುವ ಪದದಾಟ. ಎರಡೂ ಒಂದೇ ವಾಕ್ಯದಲ್ಲಿ ಬೆಸೆದುಕೊಂಡಿರುತ್ತವೆ, ಬೆಸುಗೆ ಎಲ್ಲಿದೆ ಅಂತ ಕಾಣಿಸುವುದಿಲ್ಲ. ಅದು ಕಂಡ ಕ್ಷಣ ಉತ್ತರ ಬಿದ್ದಂತೆ.

ಇಂಗ್ಲಿಷಿನಲ್ಲಿ ಈ ಆಟಕ್ಕೆ ದೊಡ್ಡ ಚರಿತ್ರೆಯೇ ಇದೆ. ಸಾಮಾನ್ಯ ಪದಬಂಧ ಹುಟ್ಟಿದ್ದು 1913ರ ಡಿಸೆಂಬರಿನಲ್ಲಿ, ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ, ಆರ್ಥರ್ ವಿನ್ ಕೈಯಲ್ಲಿ. (ನಮ್ಮ ನಿಘಂಟಿನ ಅಜ್ಜ ಜಿ. ವೆಂಕಟಸುಬ್ಬಯ್ಯನವರು ಹುಟ್ಟಿದ್ದೂ ಅದೇ ವರ್ಷ.) ಅದನ್ನು ಗೂಢವಾಗಿಸಿದ್ದು ಇಂಗ್ಲೆಂಡಿನವರು, 1920ರ ದಶಕದಲ್ಲಿ. ‘ದಿ ಹಿಂದೂ’ ಪತ್ರಿಕೆ 1971ರಿಂದ ಅಂಥದ್ದನ್ನು ಕೊಡುತ್ತಾ ಬಂದಿದೆ, ಇಲ್ಲಿಗೆ ಬಂದ ಮೇಲೂ ಫೋನಿನಲ್ಲಿ ಅದನ್ನೇ ಬಿಡಿಸುವ ಕನ್ನಡಿಗರು ನಮ್ಮಲ್ಲಿದ್ದಾರೆ. ನಾನೂ ಅವರಲ್ಲೊಬ್ಬ. ಇಬ್ನ್ ಬತೂತಾದಿಂದ ಅಬುಧಾಬಿಗೆ ಬರುವ ಇ-101 ಬಸ್ಸಿನಲ್ಲಿ ಬೇರೇನು ಕೆಲಸ?

ಆದರೆ ಇವತ್ತು ನಾನು ಹೇಳಬೇಕಾದ್ದು ಕನ್ನಡ ಪದಬಂಧದ ಬಗ್ಗೆ, ಅದರ ಕಷ್ಟದ ಬಗ್ಗೆ. ನನ್ನದೊಂದು ತಕರಾರಿದೆ.

ಅಬುಧಾಬಿಯಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿ ಒಬ್ಬಳಿದ್ದಾಳೆ. ತಂದೆತಾಯಿ ಹುಬ್ಬಳ್ಳಿ ಕಡೆಯವರು. ಮನೆಯಲ್ಲಿ ಪಟಪಟ ಅಂತ ಕನ್ನಡ ಮಾತಾಡುತ್ತಾಳೆ, ಓದುವುದು ಮಾತ್ರ ಅಕ್ಷರ ಕೂಡಿಸಿ ಕೂಡಿಸಿ. ಒಂದು ಶನಿವಾರ ಊರಿಂದ ಬಂದ ವಾರಪತ್ರಿಕೆಯ ಪದಬಂಧ ಅವಳ ಮುಂದಿಟ್ಟೆ. ‘ಆನೆ (2)’ ಅಂತ ಒಂದು ಸುಳಿವು. ಅವಳಿಗೆ ಗೊತ್ತಿದ್ದದ್ದು ‘ಗಜ’. ಬರೆದಳು. ಅಡ್ಡ ಬಂದ ಪದ ಒಪ್ಪಲಿಲ್ಲ. ಉತ್ತರ ‘ಇಭ’ ಇತ್ತು. ಪೆನ್ಸಿಲ್ ಕೆಳಗಿಟ್ಟು ಹೇಳಿದಳು: “ಅಂಕಲ್, ಇದು ಗೊತ್ತಿದ್ರ ಗೊತ್ತು, ಇಲ್ಲಂದ್ರ ಇಲ್ಲ. ಇದ್ರಾಗ ಬಿಡಸೂದು ಏನೈತ್ರಿ?”

ಅವಳಿಗೆ ನನ್ನ ಬಳಿ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಕಷ್ಟದಲ್ಲಿ ಎರಡು ಜಾತಿ. ಒಂದು ನಿಘಂಟಿನ ಕಷ್ಟ: ಉತ್ತರದ ಪದವೇ ನಿಮಗೆ ಗೊತ್ತಿಲ್ಲ, ಸುಳಿವಿನಲ್ಲಿ ಅಲ್ಲಿಗೆ ಹೋಗುವ ದಾರಿಯೂ ಇಲ್ಲ. ಆನೆಗೆ ಗಜ, ಕರಿ, ಇಭ, ಹಸ್ತಿ, ದಂತಿ ಅಂತ ಸಾಲು ನಿಂತಿರುತ್ತದೆ, ರಚನೆಕಾರರಿಗೆ ಯಾವುದು ಬೇಕಿತ್ತು ಅಂತ ಊಹಿಸುವುದೇ ಆಟ. ಇನ್ನೊಂದು ವಾಕ್ಯದ ಕಷ್ಟ: ಉತ್ತರ ನಿಮಗೆ ಗೊತ್ತಿರುವ ಪದವೇ, ದಿನಾ ಬಳಸುವ ಪದವೇ, ಆದರೆ ಸುಳಿವು ನಿಮ್ಮನ್ನು ಬೇರೆ ಬೀದಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದೆ. ನಮ್ಮ ಪತ್ರಿಕೆಗಳಲ್ಲಿ ನಾನು ಕಂಡ ಪದಬಂಧಗಳು ಕಷ್ಟವಾಗಬೇಕು ಅನ್ನಿಸಿದಾಗ ಬಹುಮಟ್ಟಿಗೆ ಮೊದಲನೆಯದನ್ನೇ ಹಿಡಿಯುತ್ತವೆ. ಕನ್ನಡ ಕಷ್ಟ ಅಂದರೆ ಕಷ್ಟದ ಪದಗಳು ಅಂತಲೇ ನಾವು ಮಕ್ಕಳಿಗೆ ಕಲಿಸಿಬಿಟ್ಟಿದ್ದೇವೆ.

ಹಳೆಯ ಪದಬಂಧಗಳನ್ನು ಹೀಗಳೆಯುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಅ.ನಾ. ಪ್ರಹ್ಲಾದರಾಯರಂಥವರು ಕನ್ನಡದಲ್ಲಿ ಸಾವಿರಾರು ಪದಬಂಧ ಕಟ್ಟಿದ್ದಾರೆ. ಬರೀ ಪಂಪ-ರನ್ನರ ಹೆಸರು ಕೇಳಿದ್ದವರ ಮನೆಯಲ್ಲೂ ನಾಲ್ಕು ಹಳೆಯ ಪದ ಉಳಿದಿದ್ದರೆ ಅದರಲ್ಲಿ ವಾರದ ಪದಬಂಧದ ಪಾಲು ದೊಡ್ಡದು. ಆದರೆ ಅಲ್ಲಿ ಬಿಡಿಸುವವರ ಪಕ್ಕದಲ್ಲಿ ಯಾರಾದರೂ ಇರುತ್ತಿದ್ದರು. “ಅಜ್ಜೀ, ತಾವರೆಗೆ ಮೂರಕ್ಷರ?” ಅಂತ ಕೂಗಿದರೆ ಅಡುಗೆಮನೆಯಿಂದ “ನಳಿನ, ಪಂಕಜ, ಸರೋಜ, ಯಾವುದು ಬೇಕೋ ನೋಡು” ಅಂತ ಬರುತ್ತಿತ್ತು. ಇಲ್ಲಿ ಹದಿನೇಳನೇ ಮಹಡಿಯ ಅಡುಗೆಮನೆಯಲ್ಲಿ ಅಜ್ಜಿ ಇಲ್ಲ. ಅಮ್ಮ ಇದ್ದಾರೆ, ಅವರೂ ಕೆಲಸದಿಂದ ಈಗ ತಾನೇ ಬಂದಿದ್ದಾರೆ.

ಗೂಢ ಸುಳಿವಿನ ದೊಡ್ಡ ಗುಣ ಇರುವುದು ಇಲ್ಲೇ. ಅದರಲ್ಲಿ ಉತ್ತರಕ್ಕೆ ಎರಡು ದಾರಿ. ಅರ್ಥದಿಂದ ಹೋದವರು ಪದದಾಟದಿಂದ ಸರಿನೋಡಿಕೊಳ್ಳಬಹುದು, ಪದದಾಟದಿಂದ ಹೋದವರು ಅರ್ಥದಿಂದ. ಎರಡೂ ಒಂದೇ ಕಡೆ ಕೂಡಿದರೆ ಉತ್ತರ ಸರಿ, ಯಾರನ್ನೂ ಕೇಳಬೇಕಾಗಿಲ್ಲ. ಒಬ್ಬರೇ ಕೂತು ಕನ್ನಡ ಕಲಿಯುವವರಿಗೆ, ತಪ್ಪು ಹೇಳಿದರೆ ಕಸಿನ್‌ಗಳು ನಗುತ್ತಾರೆ ಅಂತ ಹೆದರುವವರಿಗೆ, ಇದು ಸಣ್ಣ ಸಂಗತಿಯಲ್ಲ.

ಅದೇ ಆನೆಯನ್ನು ಹೀಗೆ ಕೊಟ್ಟು ನೋಡೋಣ:

ಎಣ್ಣೆಯಲ್ಲಿ ಬೇಯಿಸು ಕಪ್ಪು ಆನೆ (2)

ಇದು ನಾನೇ ಕಟ್ಟಿದ್ದು, ಈ ಬರಹದ ಸುಳಿವುಗಳೆಲ್ಲ ನನ್ನವೇ. ತಪ್ಪಿದ್ದರೆ ಬೈಗುಳವೂ ನನಗೇ. ಆ ಹುಡುಗಿಗೆ ಇದನ್ನು ಕೊಟ್ಟಾಗ ಮೊದಲು ನಕ್ಕಳು, ಪಾಪ ಆನೆ ಅಂದಳು. ಆಮೇಲೆ ವಾಕ್ಯವನ್ನು ಮುರಿಯತೊಡಗಿದಳು. ಎಣ್ಣೆಯಲ್ಲಿ ಬೇಯಿಸು: ಅಮ್ಮ ಮಿರ್ಚಿ ಭಜಿ ಮಾಡುವಾಗ ಏನಂತಾರೆ? ಕರಿ. ಕಪ್ಪು: ಕರಿಬೆಕ್ಕು, ಕರಿಹಲಗೆ. ಕರಿ. ಎರಡು ಸಲ ‘ಕರಿ’ ಬಂತಲ್ಲ, ಹಾಗಾದರೆ... “ಆನಿಗೂ ಕರಿ ಅಂತಾರೇನ್ರಿ?” ಹೌದು, ಅಂತಾರೆ. ಸಂಸ್ಕೃತದಿಂದ ಬಂದ ಪದ. ಅವಳು ನಿಘಂಟು ತೆಗೆಯಲಿಲ್ಲ, ನಾನು ಪಾಠ ಹೇಳಲಿಲ್ಲ. ಗೊತ್ತಿದ್ದ ಎರಡು ಪದಗಳ ಮೇಲೆ ಕಾಲಿಟ್ಟು ಗೊತ್ತಿಲ್ಲದ ಮೂರನೆಯದಕ್ಕೆ ಕೈ ಚಾಚಿದಳು. ‘ಇಭ’ವನ್ನು ಅವಳು ಅವತ್ತೇ ಮರೆತಳು. ‘ಕರಿ’ ನೆನಪಿದೆ, ಕಳೆದ ವಾರ ಸಮೋಸ ಅಂಗಡಿಯ ಮುಂದೆ ಆನೆಯ ಜೋಕ್ ಮಾಡಿದಳು.

ಹಾಗಾದರೆ ಸುಲಭ ಮಾಡಿ ಅಂತೀರಾ ಅಂದರೆ, ಅಲ್ಲ. ಇದು ಸುಲಭದ ಸುಳಿವೇ ಅಲ್ಲ. ಕಷ್ಟ ಇನ್ನೊಂದು ಜಾಗದಲ್ಲಿದೆ, ಅಷ್ಟೆ.

ಈ ಜಗಳ ಹೊಸದಲ್ಲ ಅನ್ನುವುದು ನನಗೆ ಸಮಾಧಾನ. ದಂಡಿಯ ‘ಕಾವ್ಯಾದರ್ಶ’ ಗೊತ್ತಲ್ಲ, ನಮ್ಮ ‘ಕವಿರಾಜಮಾರ್ಗ’ ಬಹಳಷ್ಟು ಪಡೆದುಕೊಂಡದ್ದು ಅದರಿಂದಲೇ. ಅದರ ಮೂರನೆಯ ಪರಿಚ್ಛೇದದಲ್ಲಿ ಪ್ರಹೇಲಿಕೆ, ಅಂದರೆ ಮಾತಿನ ಒಗಟು, ಹದಿನಾರು ಬಗೆಯದು ಅಂತ ಪಟ್ಟಿ ಇದೆ. ಪದಗಳು ಸಂಧಿಯಾಗಿ ಅರ್ಥ ಮುಚ್ಚಿಕೊಂಡರೆ ಸಮಾಗತಾ. ಒಂದು ಅರ್ಥದಲ್ಲಿ ರೂಢಿಯಾದ ಪದವನ್ನು ಇನ್ನೊಂದು ಅರ್ಥದಲ್ಲಿಟ್ಟು ಮೋಸ ಮಾಡಿದರೆ ವಂಚಿತಾ. ಒಟ್ಟಿಗಿರಬೇಕಾದ ಪದಗಳನ್ನು ದೂರ ದೂರ ಇಟ್ಟು ತಬ್ಬಿಬ್ಬು ಮಾಡಿದರೆ ವ್ಯುತ್ಕ್ರಾಂತಾ. ಪದಗಳೇ ಅರ್ಥವಾಗದಷ್ಟು ಕಷ್ಟವಿದ್ದರೆ ಪ್ರಮುಷಿತಾ. ನಮ್ಮ ‘ಇಭ’ ಈ ಕೊನೆಯ ಖಾನೆಗೆ ಸೇರುತ್ತದೆ. ದಂಡಿ ಅದನ್ನು ತಪ್ಪು ಅನ್ನುವುದಿಲ್ಲ, ಒಪ್ಪಿಕೊಂಡೇ ಪಟ್ಟಿಗೆ ಸೇರಿಸುತ್ತಾನೆ. ಆದರೆ ನೋಡಿ, ಹದಿನಾರರಲ್ಲಿ ಒಂದಾಗಿ. ಉಳಿದ ಹದಿನೈದು ಬಾಗಿಲು ಮುಚ್ಚಿ ನಾವು ಆ ಒಂದರಲ್ಲೇ ನೂಕುನುಗ್ಗಲು ಮಾಡುತ್ತಿದ್ದೇವೆ.

ಒಗಟಿನಿಂದ ಏನು ಉಪಯೋಗ ಅಂತಲೂ ಅವನು ಹೇಳುತ್ತಾನೆ: ಗೆಳೆಯರ ಕೂಟದಲ್ಲಿ ವಿನೋದ, ಎದುರಿನವರನ್ನು ಕಕ್ಕಾಬಿಕ್ಕಿ ಮಾಡುವುದು, ಮತ್ತು ಜನರ ನಡುವೆ ನಿಂತು ಗುಟ್ಟು ಮಾತಾಡುವುದು. ಮೂರನೆಯದನ್ನು ನಾವು ದುಬೈಯ ಲಿಫ್ಟುಗಳಲ್ಲಿ ದಿನಾ ಮಾಡುತ್ತೇವೆ, ಕನ್ನಡ ಯಾರಿಗೆ ಗೊತ್ತಾಗುತ್ತದೆ ಅಂತ. ಕೊನೆಯ ಮಹಡಿಯಲ್ಲಿ ಒಬ್ಬರು “ಊರು ಯಾವುದು ಮಾರಾಯ್ರೆ?” ಅಂತ ಕೇಳುವವರೆಗೂ ಧೈರ್ಯವಾಗಿರುತ್ತೇವೆ.

ವಂಚಿತಾ ಬಗೆಯದೊಂದು:

ಎಂಟಕ್ಕಿಂತ ಮೊದಲು ಹಾಸಿಗೆ ಬಿಡು (2)

ಸ್ಕೂಲ್ ಬಸ್ಸಿಗೆ ಮಕ್ಕಳನ್ನು ಹೊರಡಿಸುವ ಎಲ್ಲ ಮನೆಯಲ್ಲೂ ಕೇಳಿಸುವ ಮಾತು, ಅಲ್ವಾ? ಎಂಟಕ್ಕಿಂತ ಮೊದಲು ಬರುವ ಸಂಖ್ಯೆ ಏಳು. ಹಾಸಿಗೆ ಬಿಡು ಅಂದರೂ ಏಳು. ಉತ್ತರದ ಪದ ಎರಡು ವರ್ಷದ ಮಗುವಿಗೂ ಗೊತ್ತು. ಆದರೆ ನಾನು ಇದನ್ನು ಕನ್ನಡ ಎಂ.ಎ. ಮಾಡಿದವರಿಗೆ ಕೊಟ್ಟು ಐದು ನಿಮಿಷ ಕಾಯ್ದಿದ್ದೇನೆ.

ಸಮಾಗತಾ ಬಗೆಯದು ಇನ್ನೊಂದು:

ಹಳ್ಳಿ ಫುಟ್‌ಬಾಲಿನಲ್ಲಿ ಹೊಡೆದದ್ದು ಅಜ್ಜನಿಗೆ ಆಸರೆ (4)

ಹಳ್ಳಿ ಅಂದರೆ ಊರು. ಫುಟ್‌ಬಾಲಿನಲ್ಲಿ ಹೊಡೆಯುವುದು ಗೋಲು. ಊರುಗೋಲು! ಈ ಸುಳಿವಿನ ಬಗ್ಗೆ ನನಗೆ ಸ್ವಲ್ಪ ಹೆಮ್ಮೆ ಇದೆ, ಯಾಕೆಂದರೆ ಇದು ತಪ್ಪು ಜಾಗದಲ್ಲಿ ಕತ್ತರಿಸಿ ಸರಿಯಾದ ಪದಕ್ಕೆ ಮುಟ್ಟಿಸುತ್ತದೆ. ನಿಜವಾದ ಪದ ಊರು ಮತ್ತು ಕೋಲು. ಇಲ್ಲಿ ‘ಊರು’ ಹಳ್ಳಿಯಲ್ಲ, ನೆಲಕ್ಕೆ ಒತ್ತಿ ನಿಲ್ಲಿಸು ಅನ್ನುವ ಕ್ರಿಯಾಪದ. ಎರಡು ಪದ ಸೇರುವಾಗ ಕ ಹೋಗಿ ಗ ಬರುತ್ತದೆ, ಆದೇಶ ಸಂಧಿ. ಶಾಲೆಯಲ್ಲಿ ನಾವೆಲ್ಲ ಮಳೆ+ಕಾಲ=ಮಳೆಗಾಲ ಅಂತ ಬಾಯಿಪಾಠ ಮಾಡಿದ್ದು ಇದನ್ನೇ. ಮೆಸ್ಸಿಯ ಗೋಲಿನಿಂದ ಆದೇಶ ಸಂಧಿಗೆ ಬರುವುದು ಸ್ವಲ್ಪ ಸುತ್ತುದಾರಿ ಇರಬಹುದು. ಇಲ್ಲಿನ ಮಕ್ಕಳಿಗೆ ಅದೇ ಹತ್ತಿರದ ದಾರಿ.

ಈಗ ‘ಕನ್ನಡದಲ್ಲಿ ಇದೆಲ್ಲ ಆಗಲ್ಲ’ ಅನ್ನುವವರ ವಾದಕ್ಕೆ ಬರೋಣ. ಅದರಲ್ಲಿ ಅರ್ಧ ಸತ್ಯವಿದೆ.

ಇಂಗ್ಲಿಷಿನ ಕ್ರಿಪ್ಟಿಕ್‌ನ ಜೀವಾಳ ಅಕ್ಷರಪಲ್ಲಟ. ಒಂಬತ್ತು ಬೇರೆ ಬೇರೆ ಅಕ್ಷರಗಳ ಒಂದು ಪದವನ್ನು ಕಲಸಿದರೆ 3,62,880 ರೀತಿ ಜೋಡಿಸಬಹುದು, ತಲೆ ತಿರುಗುತ್ತದೆ. ಕನ್ನಡದಲ್ಲಿ ಚೌಕಕ್ಕೆ ಹೋಗುವುದು ಇಡೀ ಗುಣಿತಾಕ್ಷರ, ಸ್ವರ ವ್ಯಂಜನದ ಬೆನ್ನು ಬಿಡುವುದಿಲ್ಲ. ಹಾಗಾಗಿ ಇಂಗ್ಲಿಷಿನಲ್ಲಿ ಎಂಟೊಂಬತ್ತು ಅಕ್ಷರ ತೆಗೆದುಕೊಳ್ಳುವ ಪದ ನಮ್ಮಲ್ಲಿ ಮೂರ್ನಾಲ್ಕು ಚೌಕದಲ್ಲಿ ಮುಗಿಯುತ್ತದೆ. ಅಬುಧಾಬಿ ನಾಲ್ಕೇ ಚೌಕ, ಶಾರ್ಜಾ ಎರಡೇ. ನಾಲ್ಕು ಅಕ್ಷರ ಕಲಸಿದರೆ 24 ಜೋಡಣೆ, ಮೂರಕ್ಕೆ ಬರೀ ಆರು. ಬೆರಳೆಣಿಕೆಯಲ್ಲಿ ಮುಗಿಯಿತು. ಇನ್ನು ಅಡ್ಡ ಬರುವ ಅಕ್ಷರ. ಇಂಗ್ಲಿಷಿನಲ್ಲಿ ಅದು 26ರಲ್ಲಿ ಒಂದು. ನಮ್ಮಲ್ಲಿ 34 ವ್ಯಂಜನಕ್ಕೆ 13 ಸ್ವರ ಸೇರಿಸಿದರೆ 442, ಒತ್ತಕ್ಷರಗಳ ಲೆಕ್ಕ ಬೇರೆ. ಒಂದು ಚೌಕದಲ್ಲಿ ‘ಗೋ’ ಸಿಕ್ಕಿತು ಅಂದರೆ ಅರ್ಧ ಉತ್ತರ ಸಿಕ್ಕಂತೆ. ರಚನೆಕಾರರಿಗೆ ಚೌಕ ತುಂಬುವುದು ಕಷ್ಟ, ಬಿಡಿಸುವವರಿಗೆ ಸುಲಭ. ಇದೇ ಕಾರಣಕ್ಕೆ ಕಷ್ಟ ಬೇಕೆಂದಾಗ ನಿಘಂಟಿಗೆ ಓಡುತ್ತೇವೆ ಅಂತ ಕಾಣುತ್ತದೆ.

ಹಾಗಂತ ಪಲ್ಲಟವೇ ಸಾಧ್ಯವಿಲ್ಲ ಅಂತೇನಲ್ಲ:

ಚೆಲ್ಲಾಪಿಲ್ಲಿಯಾದ ಮಗನ ಲಕ್ಷ್ಯ (3)

ಟ್ಯಾಬ್ ಹಿಡಿದು ಕೂತ ಮಗನನ್ನು ನೋಡುತ್ತಿರುವ ತಾಯಿಯ ಮಾತಿನಂತಿದೆ. ‘ಮಗನ’ವನ್ನು ಚೆಲ್ಲಾಪಿಲ್ಲಿ ಮಾಡಿ: ಗಮನ. ಲಕ್ಷ್ಯ. ಆರೇ ಜೋಡಣೆ ಇದ್ದರೂ ಇದು ತಕ್ಷಣ ಹೊಳೆಯುವುದಿಲ್ಲ, ಯಾಕೆಂದರೆ ‘ಮಗನ’ ಅನ್ನುವುದನ್ನು ಮೂರು ಅಕ್ಷರ ಅಂತ ನಾವು ಕಾಣುವುದೇ ಇಲ್ಲ, ಮಗನನ್ನೇ ಕಾಣುತ್ತೇವೆ.

ಹಿಂದುಮುಂದಾಗುವ ಪದಗಳಂತೂ ಕನ್ನಡದಲ್ಲಿ ಬೇಕಾದಷ್ಟಿವೆ. ‘ಹೊಳೆ ಹಿಂದಕ್ಕೆ ಹರಿದರೆ ಇಪ್ಪತ್ನಾಲ್ಕು ಗಂಟೆ (2)’: ನದಿ, ದಿನ. ‘ಹಿಂದೆ ತಿರುಗಿ ನೋಡಿದರೆ ಯಾವಾಗಲೂ ಪುರಂದರನೇ (2)’: ಸದಾ, ದಾಸ. ಗಮನಿಸಿ, ಇಲ್ಲಿ ಅಕ್ಷರ ತಿರುಗುವಾಗ ತನ್ನ ಕಾಗುಣಿತವನ್ನು ಹೊತ್ತುಕೊಂಡೇ ತಿರುಗುತ್ತದೆ. ಕಂಪ್ಯೂಟರಿಗೆ ಇದು ಗೊತ್ತಾಗುವುದಿಲ್ಲ. ಐ.ಟಿ.ಯಲ್ಲಿರುವವರು ‘ನದಿ’ಯನ್ನು ಸಾಮಾನ್ಯ ಪ್ರೋಗ್ರಾಂ ಬರೆದು ತಿರುಗಿಸಿ ನೋಡಿ: ಗುಡಿಸು ಒಂದು ಕಡೆ, ದ ಒಂದು ಕಡೆ, ಮುರಿದುಬೀಳುತ್ತದೆ. ಮಕ್ಕಳು ತಪ್ಪುವುದಿಲ್ಲ.

ನಾವಿರುವ ದೇಶದ ಭಾಷೆಯಲ್ಲಿ ಇದು ಹೇಗೆ ನಡೆಯುತ್ತದೆ ಅಂತ ನನಗೆ ಕುತೂಹಲ ಇತ್ತು. ಅರಬ್ಬಿ ಪದಬಂಧದಲ್ಲಿ ಚೌಕಕ್ಕೊಂದು ಅಕ್ಷರ, ಬಲದಿಂದ ಎಡಕ್ಕೆ, ಹ್ರಸ್ವಸ್ವರ ಬರೆಯುವುದಿಲ್ಲ. ಕ-ತ-ಬ ಅಂತ ಮೂರು ವ್ಯಂಜನ ಇದ್ದರೆ ‘ಬರೆದನು’ ಆಗಬಹುದು, ‘ಪುಸ್ತಕಗಳು’ ಆಗಬಹುದು. ನಮ್ಮ ಅಕ್ಷರ ಎಲ್ಲವನ್ನೂ ಹೇಳಿಬಿಡುತ್ತದೆ, ಅವರದ್ದು ಅರ್ಧ ನುಂಗಿಕೊಳ್ಳುತ್ತದೆ. ಅವರ ಸುಳಿವುಗಳ ಪಕ್ಕದಲ್ಲೂ ‘ಮಅಕೂಸ’ ಅಂತ ಬರೆದಿರುತ್ತದೆ, ತಿರುಗಿಸಿ ಬರೆಯಿರಿ ಅಂತ. ಆದರೆ ಹಾಗೆ ಪಕ್ಕದಲ್ಲಿ ಬರೆದುಬಿಟ್ಟರೆ ಗುಟ್ಟು ಉಳಿಯುವುದಿಲ್ಲವಲ್ಲ. ನಮ್ಮಲ್ಲೂ ಕೆಲವರು ‘ಹಿಂದುಮುಂದಾಗಿದೆ’ ಅಂತ ಪ್ರತ್ಯೇಕವಾಗಿ ಹೇಳುತ್ತಾರೆ. ಅದು ಸೂಚನೆಯಾಯಿತು, ವಂಚನೆಯಾಗಲಿಲ್ಲ. ‘ದುಬೈಯಿಂದ ಹಿಂದಿರುಗಿ’ ಅಂದಾಗ ಸೂಚನೆ ಮಾತಿನೊಳಗೇ ಕರಗಿರುತ್ತದೆ. ವ್ಯತ್ಯಾಸ ಅಷ್ಟೆ, ಆದರೆ ಅಷ್ಟೇ ಎಲ್ಲಾ.

ಈಗ ನಿಜವಾಗಿ ಕಷ್ಟದ ಜಾಗಕ್ಕೆ ಬಂದೆವು: ವಿಭಕ್ತಿ ಪ್ರತ್ಯಯ. ಇಂಗ್ಲಿಷಿನಲ್ಲಿ ಪದಗಳು ಬರಿಮೈಯಲ್ಲಿ ನಿಲ್ಲುತ್ತವೆ, ಹಾಗೇ ಎತ್ತಿಕೊಳ್ಳಬಹುದು. ಕನ್ನಡದಲ್ಲಿ ಪದ ವಾಕ್ಯಕ್ಕೆ ಬಂದ ಕೂಡಲೇ ಪ್ರತ್ಯಯ ಅಂಟಿಕೊಳ್ಳುತ್ತದೆ. ನದಿ ನದಿಯಾಗಿ ಉಳಿಯುವುದಿಲ್ಲ, ನದಿಯ, ನದಿಗೆ, ನದಿಯಲ್ಲಿ. ಈ ಬಾಲವನ್ನು ಏನು ಮಾಡುವುದು? ಇಂಗ್ಲಿಷಿನ ಝಿಮೆನಿಸ್ ಎಂಬ ಅಂಕಿತದ ರಚನೆಕಾರ 1966ರಲ್ಲಿ ಒಂದು ಪುಸ್ತಕ ಬರೆದು ಕಟ್ಟುನಿಟ್ಟು ನಿಯಮ ಹಾಕಿದ: ಸುಳಿವಿನಲ್ಲಿ ಅರ್ಥ ಇರಬೇಕು, ನ್ಯಾಯವಾದ ಪದದಾಟ ಇರಬೇಕು, ಇನ್ನೇನೂ ಇರಬಾರದು. ಆ ‘ಇನ್ನೇನೂ’ ಅನ್ನುವುದರಲ್ಲಿ ನಮ್ಮ ಪ್ರತ್ಯಯಗಳೆಲ್ಲ ಸಿಕ್ಕಿಬೀಳುತ್ತವೆ.

ನನ್ನ ಉತ್ತರ ಇದು: ಪ್ರತ್ಯಯ ದುಡಿಯಬೇಕು. ‘ದುಬೈಯಿಂದ’ ಅಂದರೆ ದುಬೈ ಅನ್ನುವ ಸಾಮಗ್ರಿಯಿಂದ. ‘ಇಂದ’ ತನ್ನ ಕೆಲಸ ಮಾಡಿತು. ‘ಕಾಸರಗೋಡಿನಲ್ಲಿ ಬಚ್ಚಿಟ್ಟ ಒಡವೆ (2)’ ಅಂದರೆ ಆ ಪದದ ಒಳಗೇ ನೋಡಿ: ಕಾ-ಸ-ರ-ಗೋ-ಡು. ಸರ. ಇಲ್ಲಿ ‘ಅಲ್ಲಿ’ ಕೆಲಸ ಮಾಡಿತು. ‘ಮನುಷ್ಯ ಗಾಂಧಾರವನ್ನು ನುಂಗಿದರೆ ಪಟ್ಟಣ (3)’: ನರ ಅನ್ನುವ ಪದ ‘ಗ’ ಸ್ವರವನ್ನು ನುಂಗಿತು, ನಗರ. ‘ಅನ್ನು’ ಇರುವುದರಿಂದಲೇ ಯಾರು ಯಾರನ್ನು ನುಂಗಿದರು ಅಂತ ತಿಳಿಯಿತು. ಇಂಗ್ಲಿಷಿನವರು ಇಂಥದ್ದಕ್ಕೆಲ್ಲ ಬೇರೆ ಬೇರೆ ಸೂಚಕ ಪದ ಹುಡುಕಬೇಕು. ನಮ್ಮ ವ್ಯಾಕರಣದಲ್ಲಿ ಅವು ಮೊದಲೇ ಹೊಲಿದುಕೊಂಡೇ ಬಂದಿವೆ. ‘ಮಗನ’ದಲ್ಲಂತೂ ಪ್ರತ್ಯಯವೇ ಸಾಮಗ್ರಿಯಾಯಿತು. ದುಬೈಯಲ್ಲಿ ಕನ್ನಡ ಮಿತ್ರರು ನಡೆಸುವ ಕನ್ನಡ ಪಾಠಶಾಲೆಯಂಥ ಕಡೆ ವಿಭಕ್ತಿ ಹೇಳಿಕೊಡುವವರು ಈ ಆಟ ಒಮ್ಮೆ ಆಡಿಸಿ ನೋಡಬಹುದು. ಪ್ರತ್ಯಯ ತಪ್ಪಿದರೆ ಉತ್ತರವೇ ತಪ್ಪುತ್ತದೆ, ಹಾಗಾಗಿ ಯಾಕೆ ಕಲಿಯಬೇಕು ಅನ್ನುವ ಪ್ರಶ್ನೆ ಬರುವುದಿಲ್ಲ.

ಪ್ರತ್ಯಯ ದುಡಿಯದೇ ಸುಮ್ಮನೆ ಕೂತರೆ? ನನ್ನದೇ ಒಂದು ಸುಳಿವು, ಬಹಳ ದಿನ ನನಗೆ ಇಷ್ಟವಾಗಿದ್ದದ್ದು:

ಸ್ಥಳೀಯನ ಪರ ಮೊದಲು ನಿಂತರೂ ಹೊರಗಿನವನೇ (4)

ಸ್ಥಳೀಯ ಅಂದರೆ ದೇಶಿ. ‘ಪರ’ ಅನ್ನುವುದು ಮೊದಲು ನಿಂತರೆ ಪರದೇಶಿ, ಹೊರಗಿನವ. ಒಳ್ಳೆಯ ಮೋಸ, ಯಾಕೆಂದರೆ ‘ಪರ’ವನ್ನು ಯಾರೂ ಸಾಮಗ್ರಿ ಅಂತ ಅನುಮಾನಿಸುವುದಿಲ್ಲ, ‘ಅವನ ಕಡೆಗೆ’ ಅಂತಲೇ ಓದುತ್ತಾರೆ. ಆದರೆ ‘ಸ್ಥಳೀಯನ’ದ ಆ ‘ನ’ ಏನು ಮಾಡುತ್ತಿದೆ? ಮೇಲುನೋಟದ ವಾಕ್ಯಕ್ಕೆ ಬೇಕು, ಪದದಾಟಕ್ಕೆ ಬೇಡ. ಸಂಬಳ ತೆಗೆದುಕೊಂಡು ಕೆಲಸ ಮಾಡದ ನೌಕರ. ಸರಿಪಡಿಸಿ ಹೀಗೆ ಬರೆದೆ:

ಪರ ಮೊದಲು ಬಂದರೆ ಸ್ಥಳೀಯನೂ ಹೊರಗಿನವನೇ (4)

ಇದು ನ್ಯಾಯವಾಗಿದೆ. ಆದರೆ ‘ಪರ’ ಈಗ ಬೆತ್ತಲೆ ನಿಂತಿದೆ, ಮೊದಲಿನ ಮೋಸ ಹೋಯಿತು. ಯಾವುದನ್ನು ಅಚ್ಚು ಮಾಡಬೇಕು? ನನಗೆ ಎರಡನೆಯದು. ಚೆಂದ ಒಂದು ಪಾಲು ಕಡಿಮೆಯಾದರೂ ಪರವಾಗಿಲ್ಲ. ಹೊಸದಾಗಿ ಬಂದವರು ಒಮ್ಮೆ ಅನ್ಯಾಯವಾಗಿ ಸೋತರೆ ತಮಗೇ ಕನ್ನಡ ಬರುವುದಿಲ್ಲ ಅಂದುಕೊಳ್ಳುತ್ತಾರೆ. ಸುಳಿವಿನ ತಪ್ಪು ಅಂತ ಅವರಿಗೆ ಹೊಳೆಯುವುದಿಲ್ಲ. ಹಳಬರು ಹಾಗಲ್ಲ, ಸಂಪಾದಕರಿಗೆ ಪತ್ರ ಬರೆಯುತ್ತಾರೆ.

ಇನ್ನೊಂದು ನ್ಯಾಯದ ಪ್ರಶ್ನೆಯನ್ನು ಆ ಹುಡುಗಿಯೇ ಎತ್ತಿದಳು. ಸುಳಿವು ಇದು:

ಕುಚೇಲ ಕೊಟ್ಟದ್ದು: ಆ ಮನುಷ್ಯ ಅದೃಷ್ಟವಂತ, ಇಂಗ್ಲಿಷಿನಲ್ಲಿ (4)

ಆ ಮನುಷ್ಯ, ಅವ. ಅದೃಷ್ಟವಂತ ಇಂಗ್ಲಿಷಿನಲ್ಲಿ ಲಕ್ಕಿ. ಅವಲಕ್ಕಿ! ಅವಲಕ್ಕಿ ಕೊಟ್ಟ ಕುಚೇಲ ನಿಜಕ್ಕೂ ಲಕ್ಕಿಯೇ ತಾನೆ, ಮನೆಗೆ ಬಂದು ನೋಡಿದರೆ ಅರಮನೆ. ಊರಿನಲ್ಲಿ ಕೂತು ಬರೆಯುವವರು ‘ಲಕ್ಕಿ’ಗೆ ಲಕ್ಕಿ ಗಿಡವನ್ನು ತರುತ್ತಿದ್ದರು, ಬಾಣಂತಿ ಸ್ನಾನದ ನೀರಿಗೆ ಹಾಕುವ ಲಕ್ಕಿ ಸೊಪ್ಪು. ಇಲ್ಲಿ ಆ ಗಿಡ ಯಾರು ಕಂಡಿದ್ದಾರೆ? ಇಂಗ್ಲಿಷನ್ನೇ ಕರೆದೆ. ಕನ್ನಡದ ಒಗಟಿನಲ್ಲಿ ಇಂಗ್ಲಿಷ್ ಯಾಕೆ ಅಂತ ಕೇಳುವವರಿದ್ದಾರೆ. ನಾವು ಮಾತಾಡುವ ಕನ್ನಡದಲ್ಲಿ ಅದು ಇದೆಯಲ್ಲ. ಸುಳಿವು ‘ಇಂಗ್ಲಿಷಿನಲ್ಲಿ’ ಅಂತ ಪ್ರಾಮಾಣಿಕವಾಗಿ ಹೇಳಿದೆ, ಅಷ್ಟು ಸಾಕು.

ಆದರೆ ಅವಳ ತಕರಾರು ಬೇರೆ. “ನಮ್ಮನ್ಯಾಗ ಅಂವ ಅಂತೀವ್ರಿ, ಅವ ಅನ್ನಂಗಿಲ್ಲ.” ಮೈಸೂರಿನವರನ್ನು ಕೇಳಿದರೆ ಅವ್ನು ಅಂತಾರೆ. ಮಂಗಳೂರಿನವನಾದ ನನಗೆ ‘ಅವ’ ಎಷ್ಟು ಸಹಜ ಅಂದರೆ ಅದು ಒಂದು ಪ್ರದೇಶದ ಮಾತು ಅಂತ ಹೊಳೆದಿರಲೇ ಇಲ್ಲ. ಪುಸ್ತಕದ ಕನ್ನಡ ‘ಅವನು’. ಹಾಗಾದರೆ ಗೂಢ ಪದಬಂಧ ಯಾರ ಕನ್ನಡದಲ್ಲಿ ಇರಬೇಕು? ಬರೀ ಪುಸ್ತಕದ್ದು ಅಂದರೆ ಮತ್ತೆ ನಿಘಂಟಿನ ಕಡೆಗೇ ಜಾರುತ್ತೇವೆ. ಬರೀ ಆಡುಮಾತು ಅಂದರೆ ಒಬ್ಬರ ಮನೆಯ ಮಾತು ಇನ್ನೊಬ್ಬರಿಗೆ ಒಗಟು, ಅದೂ ಅನ್ಯಾಯದ ಒಗಟು. ಅವಳು ಹೇಳಿದ್ದು ಸರಿ ಅಂತ ಒಪ್ಪಿ ಸುಳಿವನ್ನು ತಿದ್ದಿದೆ: ‘ಆ ಮನುಷ್ಯ’ದ ಬದಲು ‘ಕರಾವಳಿಯವರ ಬಾಯಲ್ಲಿ ಆ ಮನುಷ್ಯ’. ಸುಳಿವು ಸ್ವಲ್ಪ ಉದ್ದವಾಯಿತು, ಕುಚೇಲ ಯಾಕೋ ಉಡುಪಿಗೆ ಬಂದಂತಾಯಿತು. ಕೃಷ್ಣ ಅಲ್ಲೇ ಇದ್ದಾನಲ್ಲ, ತೊಂದರೆಯಿಲ್ಲ.

ಅಂದಹಾಗೆ ಅವಳು ಈಗ ನನಗೇ ಸುಳಿವು ಕಟ್ಟಿ ವಾಟ್ಸಾಪ್ ಮಾಡುತ್ತಾಳೆ, ಇಂಗ್ಲಿಷ್ ಲಿಪಿಯಲ್ಲಿ. ಹಾಗೆ ಬರೆದರೆ ಅಕ್ಷರದ ಲೆಕ್ಕ ತಪ್ಪುತ್ತದೆ ಅಂತ ಮೂರು ಸಲ ಹೇಳಿದ ಮೇಲೆ ಕನ್ನಡ ಕೀಬೋರ್ಡ್ ಹಾಕಿಕೊಂಡಿದ್ದಾಳೆ. ಮೊನ್ನೆ ಕಳಿಸಿದ ಸುಳಿವು ನನಗೆ ಇನ್ನೂ ಬಿಡಿಸಲಾಗಿಲ್ಲ. ಕೇಳಿದರೆ “ಟೈಮ್ ತಗೋರಿ ಅಂಕಲ್” ಅನ್ನುತ್ತಾಳೆ.

ನಿಮಗೂ ಒಂದು ಬಿಟ್ಟು ಹೋಗುತ್ತೇನೆ. ಮೂರಕ್ಷರ, ನಿಮಗೆಲ್ಲರಿಗೂ ಗೊತ್ತಿರುವ ಪದ. ಅರಬ್ಬಿ ಬರುವವರಿಗೆ ಹೆಚ್ಚಿನ ಸಹಾಯ: ಅವರು ಇದಕ್ಕೆ ಅನ್ನುವ ಪದವನ್ನು ಸ್ವಲ್ಪ ಕಲಸಿದರೆ ನಮ್ಮದರ ಹತ್ತಿರ ಬರುತ್ತದೆ. ಸಂಬಂಧವೇನಿಲ್ಲ, ಬರೀ ಕಾಕತಾಳೀಯ.

ದುಬೈಯಲ್ಲಿ ಎಲ್ಲೆಲ್ಲೂ ಕಾಣುವುದೇ ಹೇಳುತ್ತಿದೆ: ವಾಪಸ್ ಹೋಗು (3)